ಹವಳಕ್ಕೆ ಮದ್ದು ಹಾಕುವ ನಾಡು

ಹವಳವೆಂದರೆ ನಮ್ಮ ಮನೆಗಳಲ್ಲಿ ಕರಿಮಣಿಯೊಡನೆ ಪೋಣಿಸುವ ಕೆಂಪು ಮಣಿ. ಜೋಯಿಸರಿಗೆ ಅಂಗಾರಕನ ರತ್ನ. ಆಯುರ್ವೇದ ಪಂಡಿತರಿಗೆ ಪ್ರವಾಳ ಭಸ್ಮದ ಮೂಲದ್ರವ್ಯ. ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗಾದರೋ ಅದು ಕೋಶದಲ್ಲಿ ಬರುವ ಎರಡು ಶಬ್ದಗಳು ಮಾತ್ರವಾಗಿದ್ದಿತು. ಒಂದು ವಿದ್ರುಮ, ಎಂದರೆ ವಿಶಿಷ್ಟವಾದ ಮರ. ಇನ್ನೊಂದು ಪ್ರವಾಳ, ಎಂದರೆ ಎಳೆಯ ಚಿಗುರು ಎಂಬ ಅರ್ಥವೂ ಅದಕ್ಕುಂಟು. ಮರವೂ ಅಲ್ಲದ, ಚಿಗುರೂ ಅಲ್ಲದ ಈ ವಸ್ತುವಿಗೆ ಹಿಂದಿನವರು ಹೀಗೇಕೆ ಹೆಸರಿಟ್ಟರೆಂದು ನಾನು ಒಂದು ದಿನವೂ ಯೋಚಿಸಿದವನಲ್ಲ. ಅದಕ್ಕೆ ರೋಗ ಬರುವುದೆಂದೂ, ಅದರ ಹುಣ್ಣಿಗೆ ಮುಲಾಮು ಹಚ್ಚುವ ಜನರಿದ್ದಾರೆಂದೂ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆನು. ಈಗ ನಗುವ ಹಾಗಿಲ್ಲ. ೨೦೨೪ನೆಯ ಇಸವಿಯ ವಸಂತದಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಹೋಗಿದ್ದಾಗ ಅಂಥ ರೋಗವೊಂದನ್ನು ಮಗಳ ಮನೆಯೊಳಕ್ಕೆ ಕೈಯಾರೆ ತಂದವನು ನಾನೇ. ಆ ಸಂಗತಿಯನ್ನೂ, ಅದರ ನಿಮಿತ್ತವಾಗಿ ನಾನು ಕಂಡ ಊರುಗಳನ್ನೂ ವಾಚಕರಿಗೆ ಅರಿಕೆ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಫ್ಲಾರಿಡಾವು ಭೂಪಟದಲ್ಲಿ ಕಡಲಿನೊಳಕ್ಕೆ ಚಾಚಿದ ಹೆಬ್ಬೆರಳಿನಂತೆ ಕಾಣುತ್ತದೆ. ಅದರ ಪಡುವಣ ದಂಡೆಯಲ್ಲಿ ಟ್ಯಾಂಪಾ ಎಂಬ ಪಟ್ಟಣ. ನನ್ನ ಮಗಳೂ ಅಳಿಯಂದಿರೂ ಅಲ್ಲಿ ಹಲವು ವರ್ಷಗಳಿಂದ ವಾಸವಾಗಿರುವರು. ದಾಸವಾಳ, ಕಾಗದದ ಹೂವು, ಅಲ್ಲೊಂದು ಇಲ್ಲೊಂದು ಮಾವಿನ ಮರ, ಮೈಗಂಟುವ ಸೆಕೆ: ಇವೆಲ್ಲ ಸೇರಿ ಪರದೇಶಕ್ಕೆ ಬಂದೆನೆಂಬ ಭಾವನೆಗಿಂತ ಮಂಗಳೂರಿನ ಕಡೆಗೆ ಬಂದೆನೆಂಬ ಭಾವನೆಯೇ ನನಗೆ ಹೆಚ್ಚಾಗಿ ಉಂಟಾಯಿತು.

ಅವರ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದ್ದಿತು. ಅದರಲ್ಲಿ ಉಪ್ಪುನೀರು; ನೀರಿನಲ್ಲಿ ಹವಳಗಳು. ಇವು ನಾವು ಕೊರಳಿಗೆ ಹಾಕಿಕೊಳ್ಳುವ ಕೆಂಪು ಹವಳದ ಜಾತಿಯವಲ್ಲ. ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳದ ಜಾತಿಯವು. ಹನ್ನೊಂದು ವರ್ಷದ ನನ್ನ ಮೊಮ್ಮಗನಿಗೂ ಅವನ ತಂದೆಗೂ ಆ ತೊಟ್ಟಿಯೇ ಪ್ರಾಣ. ಬೆಳಿಗ್ಗೆ ಎದ್ದೊಡನೆ ಹುಡುಗನು ಹಲ್ಲುಜ್ಜುವುದಕ್ಕೆ ಮುಂಚೆ ಅದರ ಶಾಖವನ್ನು ನೋಡುವನು. ಅದು ಸೆಂಟಿಗ್ರೇಡು ಮಾನದಲ್ಲಿ ೨೫ ಅಥವಾ ೨೬ ಡಿಗ್ರಿ ಇರಬೇಕು. ಒಂದು ಸಾವಿರ ಭಾಗ ನೀರಿಗೆ ೩೫ ಭಾಗ ಉಪ್ಪು ಇರಬೇಕು. ಇವುಗಳಲ್ಲಿ ಏರುಪೇರಾದರೆ ಹವಳವು ಮುದುಡುವುದು.

ಮೊಮ್ಮಗನೇ ನನಗೆ ಗುರುವಾಗಿ ಹವಳದ ಪಾಠವನ್ನು ಹೇಳಿದನು. ಹವಳವು ಮರವಲ್ಲ, ಪ್ರಾಣಿ. ಪಾಲಿಪ್ ಎಂಬ ಮೃದುವಾದ ಪುಟ್ಟ ಜೀವಿಯು ತನ್ನ ಅಡಿಯಲ್ಲಿ ಸುಣ್ಣದ ಗೂಡನ್ನು ಕಟ್ಟಿಕೊಳ್ಳುತ್ತದೆ. ಅದರ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯು ವಾಸವಾಗಿದ್ದು, ಬೆಳಕಿನಿಂದ ಆಹಾರವನ್ನು ತಯಾರಿಸಿ ಮನೆಯ ಯಜಮಾನನಿಗೂ ಒಂದು ಪಾಲು ಕೊಡುತ್ತದೆ. ಮನೆಯವನು ಬಾಡಿಗೆದಾರನಿಂದ ಊಟವನ್ನೇ ಬಾಡಿಗೆಯಾಗಿ ಪಡೆಯುವ ಏರ್ಪಾಡು! ಹುಡುಗನು ಅತಿಯಾಗಿ ಮೆಚ್ಚಿದ್ದ ಹವಳಕ್ಕೆ ಐದು ತಲೆಗಳಿದ್ದವು. ಒಂದೊಂದರ ಎಸಳಿನ ತುದಿಯೂ ಪುಟ್ಟ ಸುತ್ತಿಗೆಯ ಆಕಾರದಲ್ಲಿದ್ದುದರಿಂದ ಅದಕ್ಕೆ ಸುತ್ತಿಗೆ ಹವಳವೆಂದೇ ಹೆಸರು. ಒಂದೇ ತಲೆಯಿದ್ದ ತುಂಡನ್ನು ತಂದು ಮೂರು ವರ್ಷಗಳಲ್ಲಿ ಅವನೇ ಐದು ತಲೆಗಳಾಗಿ ಬೆಳೆಸಿದ್ದನು.

ಇಂಥ ಮಗುವಿಗೆ ತಾತನು ಏನನ್ನು ಉಡುಗೊರೆಯಾಗಿ ಕೊಡಬೇಕು? ಅಳಿಯಂದಿರು ಕಾರ್ಯಾರ್ಥವಾಗಿ ಪರಸ್ಥಳಕ್ಕೆ ಹೋಗಿದ್ದ ದಿನ ನಾನೂ ಮೊಮ್ಮಗನೂ ಒಂದು ಅಂಗಡಿಗೆ ಹೋಗಿ ದೀವಟಿಗೆ ಹವಳವೆಂಬುದನ್ನು ಕೊಂಡೆವು. ಬಂಗಾರದ ಬಣ್ಣದ ಎಸಳುಗಳು ನೀರಿನಲ್ಲಿ ದೀವಟಿಗೆಯ ಜ್ವಾಲೆಯಂತೆ ಆಡುತ್ತಿದ್ದವು. ಕೆಲವು ವಾರ ಅದನ್ನು ಬೇರೆಯಾಗಿ ಇಡಬೇಕೆಂದು ಅಂಗಡಿಯವನು ಹೇಳಿದನು. ಅದು ಇನ್ನೊಂದು ತೊಟ್ಟಿಯನ್ನು ಮಾರುವ ಉಪಾಯವೆಂದು ನಾನು ಅಲಕ್ಷ್ಯ ಮಾಡಿದೆನು. ಮನೆಗೆ ಬಂದ ಮೇಲೆ ಹುಡುಗನೂ ಅನುಮಾನಿಸಿ, "ತಾತ, ಅಪ್ಪ ಹೊಸದನ್ನು ಮೊದಲು ಬೇರೆ ತೊಟ್ಟಿಯಲ್ಲಿ ಇಡ್ತಾರೆ" ಎಂದನು. "ಇರಲಿ ಬಿಡಪ್ಪ, ನಿಮ್ಮಪ್ಪ ಬಂದು ನೋಡಿ ಆಶ್ಚರ್ಯಪಡಲಿ" ಎಂದು ನಾನೇ ಮುಂದೆ ನಿಂತು ಅದನ್ನು ದೊಡ್ಡ ತೊಟ್ಟಿಯಲ್ಲಿ ಇಡಿಸಿದೆನು. ಹಿರಿಯರ ಮಾತಿಗೆ ಎದುರಾಡದ ಮಗು ಸುಮ್ಮನಾಯಿತು.

ಮೂರನೆಯ ದಿನ ದೀವಟಿಗೆಯು ಮುದುಡಿತು. ನಾಲ್ಕನೆಯ ದಿನ ಅದರ ಮೇಲೆ ಕಂದು ಬಣ್ಣದ ಲೋಳೆ ಕಾಣಿಸಿಕೊಂಡಿತು. ಸಂಜೆಗೆ ಪಕ್ಕದಲ್ಲಿದ್ದ ಸುತ್ತಿಗೆ ಹವಳದ ಒಂದು ತಲೆಯ ಮೇಲೂ ಅದೇ ಲೋಳೆ. ಆ ವೇಳೆಗೆ ಊರಿಗೆ ಬಂದ ಅಳಿಯಂದಿರು ನೋಡಿದೊಡನೆಯೇ, "ಇದು ಕಂದು ಲೋಳೆಯ ರೋಗ, ಮಾವ. ಬೆಳಗಾಗುವವರೆಗೆ ಕಾದರೆ ಕೆಲಸ ಕೆಟ್ಟೀತು" ಎಂದರು. ಹವಳವನ್ನು ಎಲ್ಲಿಂದ ತಂದಿರಿ, ಯಾರು ಇಟ್ಟರು ಎಂಬ ಒಂದು ಮಾತನ್ನೂ ಅವರು ಆಡಲಿಲ್ಲ. ಆ ಮೌನವೇ ನನಗೆ ದೊಡ್ಡ ದಂಡನೆಯಾಯಿತು.

ಆ ರಾತ್ರಿ ನಡೆದ ಶಸ್ತ್ರಚಿಕಿತ್ಸೆಯನ್ನು ನಾನು ಕಣ್ಣಾರೆ ಕಂಡೆನು. ಮೊದಲು ನೀರನ್ನು ಆಡಿಸುವ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಏಕೆಂದರೆ ಲೋಳೆಯ ಒಂದು ತುಣುಕು ತೇಲಿಹೋಗಿ ಇನ್ನೊಂದು ಹವಳದ ಮೇಲೆ ಕುಳಿತರೆ ಅಲ್ಲಿಯೂ ರೋಗ ಹಿಡಿಯಬಹುದು. ಬಳಿಕ ಸಣ್ಣ ಕೊಳವೆಯಿಂದ ಲೋಳೆಯನ್ನು ಬಕೀಟಿಗೆ ಹೀರಿ ತೆಗೆದರು. ಅದರ ದುರ್ಗಂಧವನ್ನು ಏನೆಂದು ಹೇಳಲಿ! ಆ ಲೋಳೆಯಲ್ಲಿ ಹವಳದ ಮಾಂಸವನ್ನು ತಿನ್ನುವ ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದಷ್ಟು ಇರುತ್ತವೆಯಂತೆ. ರೋಗ ತಗಲಿದ ಎರಡು ಹವಳಗಳನ್ನೂ ತೊಟ್ಟಿಯ ನೀರನ್ನೇ ತುಂಬಿದ ಬೇರೆ ಬೇರೆ ಬೋಗುಣಿಗಳಲ್ಲಿಟ್ಟು ಪಿಚಕಾರಿಯಿಂದ ತೊಳೆದರು. ದೀವಟಿಗೆಯಲ್ಲಿ ಬಿಳಿಯ ಎಲುಬಲ್ಲದೆ ಏನೂ ಉಳಿದಿರಲಿಲ್ಲ. ಸುತ್ತಿಗೆ ಹವಳದ ಒಂದು ತಲೆ ಪೂರ್ತಿಯಾಗಿ ಕರಗಿಹೋಗಿದ್ದಿತು. ಎರಡನೆಯದರ ಅಂಚು ಕೊಳೆಯುತ್ತಿದ್ದಿತು. ಉಳಿದ ಮೂರು ನೋಟಕ್ಕೆ ಚೆನ್ನಾಗಿದ್ದವು.

ಈ ಜಾತಿಯಲ್ಲಿ ಒಂದು ಅನುಕೂಲವುಂಟು. ಬೆಳೆದಂತೆಲ್ಲ ಒಂದೊಂದು ತಲೆಯೂ ತನ್ನದೇ ಆದ ಸುಣ್ಣದ ಕೊಂಬೆಯ ಮೇಲೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಆದುದರಿಂದ ಕೆಟ್ಟ ಕೊಂಬೆಯನ್ನು ಬುಡದಲ್ಲಿ ಕತ್ತರಿಸಿದರೆ ಒಳ್ಳೆಯ ಕೊಂಬೆಗಳು ಉಳಿಯಬಹುದು. ಎರಡನೆಯ ತಲೆಯಲ್ಲಿ ಇನ್ನೂ ಅರ್ಧ ಜೀವವಿದ್ದಿತು. ಅದನ್ನು ಉಳಿಸಬೇಕೆಂದು ಹುಡುಗನು ಅಳುತ್ತ ಬೇಡಿಕೊಂಡನು. ಅಳಿಯಂದಿರು ಅವನ ತಲೆಯ ಮೇಲೆ ಕೈಯಿಟ್ಟು, "ಅದನ್ನ ಉಳಿಸೋಕೆ ಹೋದರೆ ಮೂರನ್ನೂ ಕಳಕೊಳ್ತೀವಿ, ಮಗು" ಎಂದು ಹೇಳಿ ಎರಡು ಕೊಂಬೆಗಳನ್ನೂ ಇಕ್ಕಳದಿಂದ ಕತ್ತರಿಸಿಬಿಟ್ಟರು. ಸುಶ್ರುತರು ಹೇಳುವ ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ಛೇದನವು ಒಂದು. ಆ ಪದವನ್ನು ಎಷ್ಟೋ ಸಲ ಉಚ್ಚರಿಸಿದ ನನಗೆ, ಅದು ವೈದ್ಯನ ಕೈಗೆ ಎಷ್ಟು ಭಾರವೆಂಬುದು ಆ ರಾತ್ರಿ ತಿಳಿಯಿತು.

ಉಳಿದ ಮೂರು ತಲೆಗಳನ್ನು ಚಹದ ಬಣ್ಣಕ್ಕೆ ಬರುವಂತೆ ಅಯೋಡಿನ್ ಬೆರೆಸಿದ ತೊಟ್ಟಿನೀರಿನಲ್ಲಿ, ಶೀಸೆಯ ಮೇಲೆ ಬರೆದಿದ್ದಷ್ಟು ನಿಮಿಷ ಮಾತ್ರ ಅದ್ದಿಟ್ಟು, ಶುದ್ಧವಾದ ಉಪ್ಪುನೀರಿನಲ್ಲಿ ಜಾಲಿಸಿ ಬೇರೊಂದು ಸಣ್ಣ ತೊಟ್ಟಿಯಲ್ಲಿಟ್ಟರು. ಮುಟ್ಟಿದ ಸಾಮಾನುಗಳನ್ನೆಲ್ಲ ತೊಳೆದು ಒಣಗಿಸಿದರು. "ಇಷ್ಟೆಲ್ಲ ಕಷ್ಟವೇಕೆ? ತೊಟ್ಟಿಗೇ ಒಂದಿಷ್ಟು ಔಷಧ ಸುರಿಯಬಾರದೆ?" ಎಂದು ನಾನು ಕೇಳಿದೆನು. ಅಳಿಯಂದಿರು ಹೇಳಿದ ಉತ್ತರವು ನೆನಪಿಡತಕ್ಕದ್ದು. ತೊಟ್ಟಿಯ ಕಲ್ಲಿನಲ್ಲಿಯೂ ಮರಳಿನಲ್ಲಿಯೂ ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾಗಳಿದ್ದು, ಅವೇ ಹೊಲಸನ್ನು ಕಳೆದು ನೀರನ್ನು ಶುದ್ಧವಾಗಿಡುತ್ತವೆ. ಔಷಧವನ್ನು ತೊಟ್ಟಿಗೇ ಸುರಿದರೆ ಕಳ್ಳನ ಜತೆಗೆ ತಳವಾರನನ್ನೂ ಕೊಂದಂತಾಗುವುದು. ಅಲ್ಲದೆ ಆಂಟಿಬಯಾಟಿಕ್ ಔಷಧಗಳನ್ನು ಪಶುವೈದ್ಯರ ಸಲಹೆಯಿಲ್ಲದೆ ಬಳಸಿ, ಉಳಿದ ನೀರನ್ನು ಚರಂಡಿಗೆ ಚೆಲ್ಲಿದರೆ ಆ ಔಷಧಕ್ಕೆ ಬಗ್ಗದ ರೋಗಾಣುಗಳು ಹೊರಗೆ ಬೆಳೆಯಬಹುದು. ಆದುದರಿಂದ ಮೊದಲು ಬೇರ್ಪಡಿಸುವುದು, ಆಮೇಲೆ ಶುಚಿ, ಆಮೇಲೆ ಕತ್ತರಿ. ಔಷಧವು ಕಟ್ಟಕಡೆಗೆ, ಅದೂ ಬೇಕಾದ ಸ್ಥಳಕ್ಕೆ ಮಾತ್ರ.

ಮೊಮ್ಮಗನು ಆ ರಾತ್ರಿ ನನ್ನ ಹತ್ತಿರ ಮಲಗಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವನು, ತಾನಾಗಿ ಮಾತನಾಡನು.

ಎರಡು ದಿನ ಕಳೆದ ಮೇಲೆ ಮಗಳು ನಮ್ಮನ್ನು ಟ್ಯಾಂಪಾದ ಫ್ಲಾರಿಡಾ ಅಕ್ವೇರಿಯಂ ಎಂಬ ಮತ್ಸ್ಯಾಲಯಕ್ಕೆ ಕರೆದುಕೊಂಡು ಹೋದಳು. ೧೯೯೫ರಲ್ಲಿ ತೆರೆದ ಈ ಸಂಸ್ಥೆಯು ಬಂದರಿನ ದಂಡೆಯಲ್ಲಿದೆ. ನಮ್ಮ ಮನೆಯ ತೊಟ್ಟಿಗೆ ಬಂದ ಗತಿಯೇ ಈ ಪ್ರಾಂತದ ಇಡೀ ಕಡಲಿಗೆ ಬಂದಿದೆಯೆಂಬುದು ನನಗೆ ತಿಳಿದದ್ದು ಆಗ. ೨೦೧೪ರಲ್ಲಿ ಮಯಾಮಿ ನಗರದ ಬಳಿ, ವರ್ಜೀನಿಯಾ ಕೀ ಎಂಬ ದ್ವೀಪದ ಹತ್ತಿರ, ಕಲ್ಲುಹವಳಗಳಿಗೆ ಹೊಸದೊಂದು ರೋಗವು ಕಾಣಿಸಿಕೊಂಡಿತು. ಮಾಂಸವು ಕಳಚಿ ಬಿಳಿಯ ಎಲುಬು ಉಳಿಯುವುದರಿಂದ ಅದನ್ನು ಕಲ್ಲುಹವಳದ ಮಾಂಸಕ್ಷಯವೆಂದು ಕರೆಯಬಹುದು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿಗೆ ಅದು ತಗಲುತ್ತದೆ. ನೂರಾರು ವರ್ಷ ಬೆಳೆದ ಹವಳವನ್ನು ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮುಗಿಸಿಬಿಡುತ್ತದೆ. ೨೦೨೧ರ ವೇಳೆಗೆ ಅದು ದ್ವೀಪಮಾಲೆಯ ಕೊನೆಯಲ್ಲಿರುವ ಡ್ರೈ ಟಾರ್ಟುಗಾಸ್‌ವರೆಗೆ ಹಬ್ಬಿತು.

ಇದಕ್ಕೆ ಅಲ್ಲಿನ ಪಂಡಿತರು ಮಾಡಿದ ಉಪಾಯವು ಕೇಳತಕ್ಕದ್ದಾಗಿದೆ. ಆಮಾಕ್ಸಿಸಿಲಿನ್ ಎಂಬ ಔಷಧವನ್ನು, ನಮ್ಮ ಮಕ್ಕಳಿಗೆ ಗಂಟಲು ನೋವಿಗೆ ವೈದ್ಯರು ಬರೆದುಕೊಡುವ ಅದೇ ಔಷಧವನ್ನು, ನೀರಿನಲ್ಲಿ ಕರಗಿಹೋಗದ ದಪ್ಪನೆಯ ಲೇಪದೊಡನೆ ಕಲಸುತ್ತಾರೆ. ಮುಳುಗುಗಾರರು ಕಡಲಿನ ತಳಕ್ಕಿಳಿದು, ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ನಡುವಣ ಗೆರೆಯ ಮೇಲೆ ಅದನ್ನು ಬೆರಳಿನಿಂದ ಒತ್ತಿ ಮೆತ್ತುತ್ತಾರೆ. ಔಷಧವು ಸುಮಾರು ಮೂರು ದಿನಗಳ ಕಾಲ ಮೆಲ್ಲಮೆಲ್ಲನೆ ಹವಳಕ್ಕೆ ಇಳಿಯುವುದು. ೨೦೨೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಹೀಗೆ ಲೇಪಿಸಿದ ಗಾಯಗಳಲ್ಲಿ ನೂರಕ್ಕೆ ೯೫ ಮಾದವು. ಆದರೆ ಅದೇ ಹವಳದ ಇನ್ನೊಂದು ಕಡೆ ಹೊಸ ಗಾಯವಾಗುವುದು ಮಾತ್ರ ತಪ್ಪಲಿಲ್ಲ. ಆದುದರಿಂದ ಮುಳುಗುಗಾರರು ಮನೆಮನೆಗೆ ಹೋಗುವ ದಾದಿಯರಂತೆ ಅದೇ ಹವಳಗಳ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಸಾವಿರಾರು ವರ್ಷ ಹವಳವನ್ನು ಸುಟ್ಟು ಭಸ್ಮ ಮಾಡಿ ಔಷಧವಾಗಿ ಸೇವಿಸಿದ ಮನುಷ್ಯನು ಈಗ ಹವಳಕ್ಕೇ ಔಷಧ ಹಚ್ಚುವ ಕಾಲ ಬಂದಿತಷ್ಟೆ!

ಇದಕ್ಕಿಂತಲೂ ದೊಡ್ಡದಾದ ಕೆಲಸ ಮತ್ತೊಂದು. ರೋಗವು ಇನ್ನೂ ತಲುಪದಿದ್ದ ಕಡೆಗಳಿಂದ ಆರೋಗ್ಯವಾದ ಸಾವಿರಕ್ಕೂ ಮಿಕ್ಕಿದ ಹವಳಗಳನ್ನು ೨೦೧೮ರಿಂದ ಈಚೆಗೆ ಎತ್ತಿ ತಂದು, ಅಮೆರಿಕದ ಬೇರೆ ಬೇರೆ ಪ್ರಾಂತಗಳ ಮತ್ಸ್ಯಾಲಯಗಳಲ್ಲಿಯೂ ಮೃಗಾಲಯಗಳಲ್ಲಿಯೂ ಸಾಕಲು ಕೊಟ್ಟರು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ತೋಪಿನ ಗುಡಿಸಲುಗಳಲ್ಲಿ ಇದ್ದುದನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಅದು ನೆನಪಿಗೆ ಬಂದಿತು. ಕಡಲಿನಲ್ಲಿ ಸಂತತಿ ನಿಲ್ಲುವ ಸ್ಥಿತಿಗೆ ಬಂದಿದ್ದ ಸ್ತಂಭಹವಳವೆಂಬ ಜಾತಿಯನ್ನು ಈ ಟ್ಯಾಂಪಾದ ಸಂಸ್ಥೆಯವರು ಸಮೀಪದ ಅಪೊಲೊ ಬೀಚ್ ಎಂಬಲ್ಲಿ ಸಾಕಿದರು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನವರ ಸಹಾಯದಿಂದ ತೊಟ್ಟಿಯ ಮೇಲೆಯೇ ಕೃತಕವಾದ ಸೂರ್ಯೋದಯ, ಚಂದ್ರೋದಯಗಳನ್ನು ಏರ್ಪಡಿಸಿ, ಋತುವಿಗೆ ತಕ್ಕಂತೆ ನೀರಿನ ಶಾಖವನ್ನು ಹೊಂದಿಸಿದರು. ೨೦೧೯ರ ಆಗಸ್ಟಿನಲ್ಲಿ ಆ ಹವಳಗಳು ತೊಟ್ಟಿಯಲ್ಲಿಯೇ ಅಂಡಗಳನ್ನು ಚೆಲ್ಲಿದವು. ಹಿಂದೆ ಎಲ್ಲಿಯೂ ಆ ಜಾತಿಯನ್ನು ಹಾಗೆ ಫಲಿಸಿದವರಿರಲಿಲ್ಲ.

ಮುಂದಿನ ವಾರ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಟ್ಯಾಂಪಾ ಮಯಾಮಿಗಳ ಹೆಸರುಗಳನ್ನು ಸಂಧಿ ಮಾಡಿ ತಮಿಯಾಮಿ ಎಂದು ಕರೆಯುವ ಹೆದ್ದಾರಿಯು ಎವರ್‌ಗ್ಲೇಡ್ಸ್ ಎಂಬ ಜೌಗು ನಾಡನ್ನು ದಾಟುತ್ತದೆ. ಎರಡು ಕಡೆಯೂ ಕಣ್ಣು ಮುಟ್ಟುವವರೆಗೆ ಜೊಂಡು. ಕಾಲುವೆಯ ದಡದಲ್ಲಿ ಮೊಸಳೆಯ ದಾಯಾದಿಗಳಾದ ಆಲಿಗೇಟರುಗಳು ಬಿಸಿಲು ಕಾಯಿಸುತ್ತ ಮಲಗಿದ್ದವು. ಅಲ್ಲಿಂದಾಚೆಗೆ ಫ್ಲಾರಿಡಾ ಕೀಸ್ ಎಂಬ ದ್ವೀಪಮಾಲೆ. ಹಿಂದೆ ಇಲ್ಲಿ ಫ್ಲಾಗ್ಲರ್ ಎಂಬ ಧನಿಕನು ಕಡಲಿನ ಮೇಲೆ ಹಾಕಿಸಿದ ರೈಲುದಾರಿಯು ೧೯೧೨ರಲ್ಲಿ ಕೊನೆಯ ದ್ವೀಪವಾದ ಕೀ ವೆಸ್ಟನ್ನು ಮುಟ್ಟಿತು. ೧೯೩೫ರ ಚಂಡಮಾರುತದಲ್ಲಿ ಅದು ಹಾಳಾಯಿತು. ಅದರ ಜಾಡಿನಲ್ಲಿಯೇ ೧೯೩೮ರಲ್ಲಿ ಹೆದ್ದಾರಿ ತೆರೆಯಿತು. ಈಗಿನ ದಾರಿಯ ಉದ್ದ ೧೧೩ ಮೈಲಿ; ಸೇತುವೆಗಳು ೪೨. ಎಡಕ್ಕೆ ಅಟ್ಲಾಂಟಿಕ್ ಸಾಗರ, ಬಲಕ್ಕೆ ಕೊಲ್ಲಿ; ನೀರಿನ ಬಣ್ಣವನ್ನು ನೋಡಿದರೆ ಇಂದ್ರನೀಲವನ್ನೂ ಪಚ್ಚೆಯನ್ನೂ ಅರೆದು ಹರಡಿದಂತಿರುವುದು.

ಆ ಚೆಲುವಿನ ಅಡಿಯಲ್ಲಿರುವ ದುಃಖವನ್ನೂ ಹೇಳಬೇಕು. ೨೦೨೩ರ ಜುಲೈಯಲ್ಲಿ ಇಲ್ಲಿಯ ಮ್ಯಾನಟೀ ಕೊಲ್ಲಿಯ ಆಳವಿಲ್ಲದ ನೀರಿನ ಶಾಖವು ೩೮ ಡಿಗ್ರಿಯನ್ನು ಮೀರಿತು. ಅದು ಜ್ವರ ಬಂದವನ ಮೈಯ ಬಿಸಿ. ಬಿಸಿ ಹೆಚ್ಚಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಕ್ಕೆ ಹಾಕಿ ಬಿಳಿಚಿಕೊಂಡು ಹಸಿವಿನಿಂದ ಸಾಯುವುದು. ಆ ಬೇಸಗೆಯಲ್ಲಿ ಕೀಸಿನ ಕವಲುಹವಳಗಳು ಬಹುಪಾಲು ಸತ್ತವು. ಕಡಲಿನ ತೋಟಗಳಲ್ಲಿ ನೆಟ್ಟಿದ್ದ ಸಸಿಹವಳಗಳನ್ನು ಸಾಧ್ಯವಾದಷ್ಟು ಎತ್ತಿ ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿದರು. ರೋಗಕ್ಕೆ ಮುಲಾಮು ಇರಬಹುದು. ಕಡಲಿಗೇ ಜ್ವರ ಬಂದರೆ ಮುಲಾಮು ಏನು ಮಾಡೀತು?

ವಿಂಡ್ಲಿ ಕೀ ಎಂಬ ದ್ವೀಪದಲ್ಲಿ ರೈಲುದಾರಿಗಾಗಿ ಕಲ್ಲು ಕಡಿದ ಹಳೆಯ ಗಣಿಯುಂಟು; ಈಗ ಅದು ಸರಕಾರದ ಉದ್ಯಾನವಾಗಿದೆ. ಎಂಟು ಅಡಿ ಎತ್ತರದ ಗೋಡೆಗಳು. ಗೋಡೆಯೆಲ್ಲ ಕಲ್ಲಾದ ಹವಳ. ಸುಮಾರು ೧,೨೫,೦೦೦ ವರ್ಷಗಳ ಹಿಂದೆ ಸಮುದ್ರದ ಮಟ್ಟವು ಇಂದಿಗಿಂತ ಎತ್ತರವಾಗಿದ್ದಾಗ ಇವು ನೀರಿನಲ್ಲಿ ಬದುಕಿದ್ದವು. ಹಿಮಯುಗವು ಬಂದು ಕಡಲು ತಗ್ಗಿದಾಗ ಗಾಳಿಗೆ ತೆರೆದುಕೊಂಡು ಸತ್ತವು. ಅವುಗಳ ಎಲುಬಿನ ಮೇಲೆಯೇ ಇಂದಿನ ಊರುಗಳು ನಿಂತಿವೆ. ಯಂತ್ರದಿಂದ ನುಣುಪಾಗಿ ಕೊಯ್ದ ಆ ಗೋಡೆಗಳಲ್ಲಿ ಒಂದೊಂದು ಪಾಲಿಪ್ಪಿನ ಮನೆಯೂ ನಕ್ಷತ್ರದಂತೆ ಸ್ಪಷ್ಟವಾಗಿ ಕಾಣುತ್ತದೆ.

ಹುಡುಗನು ಗೋಡೆಯ ಮೇಲೆ ಅಂಗೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದನು. ಆಮೇಲೆ, "ತಾತ, ಇವಕ್ಕೆ ಯಾರೂ ಮದ್ದು ಹಾಕಲಿಲ್ವಾ?" ಎಂದು ಕೇಳಿದನು. ಒಂದು ವಾರದ ಮೇಲೆ ಅವನು ತಾನಾಗಿ ಆಡಿದ ಮೊದಲ ಮಾತು ಅದು.

"ಆಗ ಮದ್ದು ಹಾಕೋರೂ ಇರಲಿಲ್ಲ, ನನ್ನ ಹಾಗೆ ರೋಗ ತರೋರೂ ಇರಲಿಲ್ಲಪ್ಪ" ಎಂದೆನು. "ನಿನ್ನ ಹವಳ ಕೆಟ್ಟಿದ್ದು ನನ್ನಿಂದ. ನೀನು ಹೇಳಿದ್ದೆ, ನಾನು ಕೇಳಲಿಲ್ಲ. ತಪ್ಪು ನನ್ನದು."

ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುವುದು ಉಪಾಧ್ಯಾಯರಾದವರಿಗೆ ಸುಲಭವಲ್ಲ. ನನ್ನ ಕಂಠವು ಬಿಗಿಯಿತು. ಹುಡುಗನು ಗೋಡೆಯಿಂದ ಕೈ ತೆಗೆದು ನನ್ನ ಕೈ ಹಿಡಿದುಕೊಂಡು, "ನಾನೂ ಇನ್ನೊಂದು ಸಲ ಹೇಳಬೇಕಾಗಿತ್ತು, ತಾತ" ಎಂದನು. ಆ ಕೈಯನ್ನು ಕಾರಿನವರೆಗೂ ಬಿಡಲಿಲ್ಲ.

ಟ್ಯಾಂಪಾಕ್ಕೆ ಹಿಂದಿರುಗಿದಾಗ ಸಣ್ಣ ತೊಟ್ಟಿಯಲ್ಲಿದ್ದ ಮೂರು ತಲೆಗಳೂ ಎಸಳು ಬಿಚ್ಚಿ ಆಡುತ್ತಿದ್ದವು. ಆದರೂ ಅವನ್ನು ದೊಡ್ಡ ತೊಟ್ಟಿಗೆ ಸೇರಿಸಲು ಹುಡುಗನು ಒಪ್ಪಲಿಲ್ಲ. ಹಾಳೆಯೊಂದರಲ್ಲಿ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದನು: ಹೊಸ ಹವಳವಾಗಲಿ, ಕಾಯಿಲೆಯಾಗಿದ್ದ ಹವಳವಾಗಲಿ, ಆರು ವಾರ ಬೇರೆ, ತಾತ ತಂದದ್ದಾದರೂ ಸರಿಯೆ. ನಾನು ಅದರ ಕೆಳಗೆ ರುಜು ಹಾಕಿದೆನು.

೨೦೨೦ರಲ್ಲಿ ಕೊರೋನಾ ಬಂದಾಗ ದೂರದಿಂದ ಬಂದವರನ್ನು ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿ ಇರಿಸಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಅದರಲ್ಲಿ ಅನಾದರವೇನೂ ಇರಲಿಲ್ಲ. ಮನೆಯಲ್ಲಿ ಮೀನಿನ ತೊಟ್ಟಿಯನ್ನಿಟ್ಟುಕೊಂಡಿರುವ ವಾಚಕರು ಹೊಸ ಮೀನಿಗೂ ಇದೇ ಮರ್ಯಾದೆಯನ್ನು ಮಾಡುವುದು ಲೇಸು. ನಮ್ಮ ದೇಶದಲ್ಲಿ ಕಲ್ಲುಹವಳಗಳನ್ನು ವನ್ಯಜೀವಿ ಸಂರಕ್ಷಣೆಯ ಕಾನೂನಿನಲ್ಲಿ ಸೇರಿಸಿದೆ. ಲಕ್ಷದ್ವೀಪಕ್ಕೋ ರಾಮೇಶ್ವರಕ್ಕೋ ಹೋದವರು ನೆನಪಿಗೆಂದು ಒಂದು ತುಂಡನ್ನೂ ತರಕೂಡದು.

ನಾನು ಊರಿಗೆ ಬಂದು ಆರು ತಿಂಗಳಾದ ಮೇಲೆ ಮೊಮ್ಮಗನು ಫೋನಿನಲ್ಲಿ ಒಂದು ಚಿತ್ರವನ್ನು ಕಳುಹಿಸಿದನು. ಹವಳವು ದೊಡ್ಡ ತೊಟ್ಟಿಯಲ್ಲಿದೆ. ಉಳಿದ ಕೊಂಬೆಗಳಲ್ಲೊಂದರ ಪಕ್ಕದಲ್ಲಿ, ಕಡಲೆಕಾಳಿನಷ್ಟು ಗಾತ್ರದ ಹಸಿರು ಮೊಗ್ಗೊಂದು ಹೊರಟಿದೆ. ಸಂಸ್ಕೃತದಲ್ಲಿ ಚಿಗುರಿಗೂ ಹವಳಕ್ಕೂ ಒಂದೇ ಹೆಸರೇಕೆಂದು ಈಗ ಯಾವ ವಿದ್ಯಾರ್ಥಿ ಕೇಳಿದರೂ ನಾನು ಆ ಚಿತ್ರವನ್ನು ತೋರಿಸುತ್ತೇನೆ.